ಕಾಟಿಯ ಗುರುತು

ಸುಳ್ಯದಲ್ಲಿ ನಮ್ಮ ಅಣ್ಣನ ಮನೆಯ ಅಟ್ಟದ ಮೇಲೆ ಒಂದು ಕಪ್ಪು ಟ್ರಂಕು ಉಂಟು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ಹೆಸರು ಈಗ ಅರ್ಧ ಅಳಿಸಿಹೋಗಿವೆ. ಮಿಲಿಟರಿಯಿಂದ ನಿವೃತ್ತರಾದವರ ಮನೆಯಲ್ಲೆಲ್ಲ ಇಂಥದೊಂದು ಇದ್ದೇ ಇರುತ್ತದೆ. ಯಜಮಾನರು ಊರಿಗೆ ಬಂದ ಹೊಸತರಲ್ಲಿ ಅದು ಚಾವಡಿಯಲ್ಲಿ ಗೌರವದಿಂದ ಕುಳಿತಿರುತ್ತದೆ. ಆಮೇಲೆ ಅದಕ್ಕೊಂದು ಹಳೆಯ ಸೀರೆ ಹೊದಿಸಿ ಮೇಲೆ ಟಿ.ವಿ. ಇಡುತ್ತಾರೆ. ಕೊನೆಗೆ ಅಟ್ಟ ಸೇರಿ, ಕಂಬಳಿ, ಹಳೆಯ ಕ್ಯಾಲೆಂಡರು, ಒಡೆದ ಟಾರ್ಚುಗಳಿಗೆ ಆಶ್ರಯ ಕೊಡುತ್ತದೆ. ಅಣ್ಣನ ಟ್ರಂಕು ಈ ಮೂರು ಅವಸ್ಥೆಗಳನ್ನೂ ದಾಟಿದೆ.

ಎರಡು ವರ್ಷದ ಹಿಂದೆ ಒಂದು ಜನವರಿಯಲ್ಲಿ ನನಗೆ ಆ ಟ್ರಂಕಿನ ನೆನಪಾದದ್ದು ಶಾಲೆಯ ಕೆಲಸದಿಂದಾಗಿ. ಪುತ್ತೂರಿನ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಟೀಚರು. ಜನವರಿ 15 ಸೇನಾ ದಿನ. 1949ರ ಆ ದಿನ ನಮ್ಮ ನೆರೆಯ ಕೊಡಗಿನ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ಕೈಯಿಂದ ಭಾರತದ ಭೂಸೇನೆಯ ಅಧಿಕಾರ ವಹಿಸಿಕೊಂಡರು ಎಂದು ನಾನು ವರ್ಷವೂ ಹೇಳುತ್ತೇನೆ, ಮಕ್ಕಳು ವರ್ಷವೂ ಆಕಳಿಸುತ್ತಾರೆ. ಈ ಸಲ ಬಾಯಿಮಾತು ಬಿಟ್ಟು ಏನನ್ನಾದರೂ ಕೈಗೆ ಕೊಟ್ಟು ತೋರಿಸುವಾ ಎಂದು ಅತ್ತಿಗೆಗೆ ಫೋನು ಮಾಡಿದೆ. "ಅಂಗಿ ಟೊಪ್ಪಿ ಎಲ್ಲ ಗೆದ್ದಲು ತಿಂದಾಯಿತು. ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕೈದು ಬಟ್ಟೆಯ ಚಿತ್ರ ಉಂಟು, ಆಗ್ತದಾ?" ಎಂದರು ಅತ್ತಿಗೆ.

ಆಗ್ತದೆ ಎಂದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಸುಳ್ಯಕ್ಕೆ ಹೋದೆ.

ಡಬ್ಬಿಯಲ್ಲಿ ಇದ್ದದ್ದು ಐದು ತುಂಡು. ಒಂದೊಂದೂ ಅರ್ಧ ಅಂಗೈಯಷ್ಟು. ಒಂದರಲ್ಲಿ ಕರಿಬೆಕ್ಕು. ಒಂದರಲ್ಲಿ ಹುಂಜ. ಇನ್ನೊಂದರಲ್ಲಿ ಕಠಾರಿ ಹಿಡಿದ ಕೈ. ಉಳಿದೆರಡರಲ್ಲಿ ಕಾಟಿ, ಪೇಟೆಯವರು ಕಾಡುಕೋಣ ಎನ್ನುವ ಪ್ರಾಣಿ. ನೋಡಿದರೆ ಯಾರೋ ಒಂದನೆಯ ಕ್ಲಾಸಿನ ಮಗ್ಗಿ ಪುಸ್ತಕದ ಪುಟ ಹರಿದು ಡಬ್ಬಿಗೆ ಹಾಕಿದ ಹಾಗಿತ್ತು. ನಾನು ಹೆಂಗಸಿನ ಅಭ್ಯಾಸದಂತೆ ಒಂದೊಂದನ್ನೂ ತಿರುವಿ ಹಿಂಬದಿಯ ಹೊಲಿಗೆ ನೋಡಿದೆ. ಕಾಟಿಯದ್ದು ಎರಡರಲ್ಲಿ ಒಂದರ ಅಂಚಿಗೆಲ್ಲ ದಾರ ಬಿಚ್ಚಿದ ತೂತುಗಳಿದ್ದವು. ಇನ್ನೊಂದು ಸೂಜಿಯನ್ನೇ ಕಾಣದ್ದು, ಆದರೆ ಬಹಳ ಕಾಲ ಮಡಚಿ ಇಟ್ಟಂತೆ ನಾಲ್ಕು ಮಡಿಕೆ ಬಿದ್ದು ನಡುವೆ ಬಣ್ಣ ಹೋಗಿತ್ತು. ಅಷ್ಟಕ್ಕೆ ಆಗ ನಾನು ಮಹತ್ವ ಕೊಡಲಿಲ್ಲ.

"ಇದೆಲ್ಲ ಎಂಥದ್ದು?" ಎಂದು ಅಣ್ಣನನ್ನು ಕೇಳಿದೆ.

"ಹಳೆ ಬಟ್ಟೆ ತುಂಡು" ಎಂದ. ಅಡಿಕೆ ಸುಲಿಯುತ್ತಿದ್ದವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆಚೆ ಮನೆಯ ಸುಬೇದಾರರ ಹತ್ತಿರ ಕೇಳು. ಅವರಿಗೆ ಹೇಳುವ ಅಭ್ಯಾಸ ಉಂಟು" ಎಂದ.

ಅಣ್ಣ ಮತ್ತು ನಾನು ಹೀಗೆಯೇ ಮಾತಾಡುವುದು. ಅದಕ್ಕೆ ಕಾರಣ ಉಂಟು, ಮುಂದೆ ಹೇಳುತ್ತೇನೆ.

ಸುಬೇದಾರರು ಮೂಲತಃ ಕಡಬದ ಕಡೆ ನಮ್ಮ ತವರಿನ ನೆರೆಗ್ರಾಮದವರು. ಅಣ್ಣನಿಗಿಂತ ಹತ್ತು ವರ್ಷ ಮೊದಲೇ ಸೇರಿದವರು, ಈಗ ಎಪ್ಪತ್ತರ ಹತ್ತಿರ. ಅವರ ಚಾವಡಿಯ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಕನ್ನಡಿ ಹಾಕಿಸಿದ ಕೆಂಪು ಗಿಡುಗದ ಬಟ್ಟೆ ಇತ್ತು. ನನ್ನ ಡಬ್ಬಿ ಕಂಡದ್ದೇ ಅವರ ಬೆನ್ನು ನೆಟ್ಟಗಾಯಿತು. "ಇದು ಡಿವಿಜನ್ನಿನ ಗುರುತು ಟೀಚರ್" ಎಂದು ಶುರು ಮಾಡಿದರು. ಒಂದು ಡಿವಿಜನ್ ಅಂದರೆ ಹದಿನೈದು ಸಾವಿರ, ಅದಕ್ಕೂ ಮೇಲೆ ಜನ. ಅದರಲ್ಲಿ ಮದ್ರಾಸಿಗಳೂ ಇರುತ್ತಾರೆ, ಸಿಖ್ಖರೂ ಇರುತ್ತಾರೆ, ಗೂರ್ಖಾಗಳೂ ಇರುತ್ತಾರೆ. ತೋಪಿನವರು, ತಂತಿಯವರು, ಡಾಕ್ಟರು, ಅಕ್ಕಿ ಬೇಳೆ ತರುವವರು ಎಲ್ಲ. ಅವರವರ ರೆಜಿಮೆಂಟಿನ ಬಿಲ್ಲೆ ಅವರವರ ಟೊಪ್ಪಿಯಲ್ಲಿ. ಆದರೆ ತೋಳಿನ ಮೇಲೆ ಎಲ್ಲರಿಗೂ ಒಂದೇ ಚಿತ್ರ.

ನನಗೆ ರೆಜಿಮೆಂಟು, ಡಿವಿಜನ್ನು ಇವೆರಡರ ವ್ಯತ್ಯಾಸ ತಲೆಗೆ ಹೋಗಲಿಲ್ಲ. ಚಹಾ ತಂದ ಅವರ ಹೆಂಡತಿ ನಿಂತಲ್ಲೇ ಬಗೆಹರಿಸಿದರು: "ರೆಜಿಮೆಂಟು ಅಂದರೆ ತವರುಮನೆ ಟೀಚರ್, ಸಾಯುವವರೆಗೆ ಅದೇ. ಡಿವಿಜನ್ನು ಗಂಡನ ಮನೆ. ಇವರಿಗೆ ಮೂರು ವರ್ಷಕ್ಕೊಂದು ಗಂಡನ ಮನೆ. ಹಳೇದನ್ನು ಬಿಚ್ಚಿ ಹೊಸದನ್ನು ಹೊಲಿದು ಹೊಲಿದು ನನ್ನ ಕಣ್ಣು ಹೋದದ್ದು."

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ನಮ್ಮಣ್ಣನ ತವರು ಬೆಂಗಳೂರಿನ ಹಲಸೂರು ಕೆರೆಯ ಹತ್ತಿರದ ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಷ್ಟು ಹಳೆಯದು. ಅಲ್ಲಿಯ ಸೈನಿಕರನ್ನು ಇಡೀ ಸೈನ್ಯದಲ್ಲಿ 'ತಂಬಿ'ಗಳು ಎಂದೇ ಕರೆಯುತ್ತಾರಂತೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತ ಮೈನು ಹುಡುಕಿ ತೆಗೆಯುವುದು ಅವರ ಕೆಲಸ. ಆ ತವರಿನಿಂದ ಅವನು ಹೋದ ಮನೆಗಳು ಈ ಡಬ್ಬಿಯಲ್ಲಿದ್ದವು.

ಸುಬೇದಾರರು ಒಂದೊಂದನ್ನೇ ಮೇಜಿನ ಮೇಲೆ ಇಟ್ಟರು. ಕಠಾರಿಯದ್ದು 19ನೆಯ ಡಿವಿಜನ್, ಕಾಶ್ಮೀರದ ಬಾರಾಮುಲ್ಲಾ. ಆ ನಂಬರಿನ ಹಳೆಯ ಡಿವಿಜನ್ 1945ರಲ್ಲಿ ಬರ್ಮಾದ ಮಾಂಡಲೆಯನ್ನು ಜಪಾನಿಯರಿಂದ ಗೆದ್ದದ್ದು. ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದಲ್ಲಿ ಅದನ್ನು ನಡೆಸಿದವರು ನಮ್ಮ ಮಡಿಕೇರಿಯ ತಿಮ್ಮಯ್ಯನವರು. 1948ರ ನವೆಂಬರ್ 1ರಂದು 11 ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ, ಹಿಮ ಬೀಳುವ ಹೊತ್ತಿನಲ್ಲಿ, ಟ್ಯಾಂಕು ಹತ್ತಿಸಿದರಲ್ಲ, ಅವರೇ. ಅದಕ್ಕೂ ಮೊದಲು ಬರ್ಮಾದ ಅರಕಾನಿನಲ್ಲಿ ತಿಮ್ಮಯ್ಯನವರ ತೋಳಿನಲ್ಲಿ ಇದ್ದದ್ದು 25ನೆಯ ಡಿವಿಜನ್ನಿನ ಇಸ್ಪೇಟು ಎಕ್ಕ. ಇಸ್ಪೇಟು ಆಡಿದ್ದಕ್ಕೆ ನಮ್ಮ ಅಪ್ಪ ಅಣ್ಣನಿಗೆ ಹುಣಸೆ ಬರಲಿನಿಂದ ಹೊಡೆದದ್ದು ನನಗೆ ನೆನಪಾಗಿ ನಗು ಬಂತು. (ಮಡಿಕೇರಿಯಲ್ಲಿ ತಿಮ್ಮಯ್ಯನವರ 'ಸನ್ನಿ ಸೈಡ್' ಮನೆ 2021ರ ಫೆಬ್ರವರಿಯಿಂದ ಸಂಗ್ರಹಾಲಯವಾಗಿದೆ. ಸಂಪಾಜೆ ಘಾಟಿ ಹತ್ತಿದರೆ ಆಯಿತು, ಸುಳ್ಯದವರಿಗೆ ದೂರವಲ್ಲ. ಆ ವರ್ಷವೇ ಮಕ್ಕಳನ್ನು ಕರೆದುಕೊಂಡು ಹೋದೆ. ಅವರು ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಂಡರು. ನಾನು ಎಲ್ಲ ಫೋಟೋಗಳಲ್ಲಿ ತೋಳುಗಳನ್ನೇ ನೋಡುತ್ತ ಹೋದೆ.)

ಹುಂಜದ್ದು 23ನೆಯದು, ರಾಂಚಿ. ಹಳೆಯ 23 ಇಂಫಾಲದಲ್ಲಿ 1944ರಲ್ಲಿ ಕಾದಿದ್ದು. ಬೆಟ್ಟದಷ್ಟು ಸೈನ್ಯ ಕಟ್ಟಿ ಅದಕ್ಕೆ ಕೋಳಿಯ ಚಿತ್ರ ಹಾಕುವುದೇ ಎಂದು ಬೇರೆ ಊರಿನವರು ನಗಬಹುದು, ತುಳುನಾಡಿನವರು ನಗಲಾರರು. ಬೊಳ್ಳೆ, ಮೈರೆ, ಕುಪ್ಪುಳೆ ಎಂದು ಬಣ್ಣಕ್ಕೊಂದು ಹೆಸರಿಟ್ಟು, ಯಾವ ದಿನ ಯಾವ ಬಣ್ಣದ್ದು ಗೆಲ್ಲುತ್ತದೆ ಎಂದು ಪಂಚಾಂಗ ನೋಡುವ ಸೀಮೆ ನಮ್ಮದು. ಜಾತ್ರೆ ಮುಗಿದ ಮರುದಿನ ಕೋಳಿ ಅಂಕಕ್ಕೆ ಶಾಲೆ ತಪ್ಪಿಸಿ ಓಡುತ್ತಿದ್ದ ಹುಡುಗನ ತೋಳಿಗೆ ಸರಕಾರವೇ ಹುಂಜ ಅಂಟಿಸಿ ಸಂಬಳ ಕೊಟ್ಟಿತು ಎಂದ ಹಾಗಾಯಿತು.

ಕರಿಬೆಕ್ಕಿನದ್ದು ಮಾತ್ರ ಸ್ವಲ್ಪ ಕಥೆಯುಳ್ಳದ್ದು. 17ನೆಯ ಡಿವಿಜನ್. 1942ರ ಫೆಬ್ರವರಿಯಲ್ಲಿ ಬರ್ಮಾದ ಸಿತ್ತಾಂಗ್ ನದಿಯ ಹತ್ತಿರ ಅದು ಎಂಥ ಸಂಕಟಕ್ಕೆ ಸಿಕ್ಕಿತೆಂದರೆ, ಜಪಾನಿಯರು ದಾಟದಿರಲೆಂದು ಸೇತುವೆಯನ್ನು ನಮ್ಮವರೇ ಸಿಡಿಸಬೇಕಾಯಿತು. ಆಗ ಡಿವಿಜನ್ನಿನ ಬಹುಪಾಲು ಜನ ಇನ್ನೂ ಆಚೆ ದಡದಲ್ಲೇ ಇದ್ದರು. ಈಜಿ ಬಂದವರು ಬಂದರು. ಆಗ ಅವರ ಗುರುತು ಮಿಂಚಿನ ಗೆರೆಯಾಗಿತ್ತು. ಆಮೇಲೆ ಅದನ್ನು ಬಿಟ್ಟು ಕರಿಬೆಕ್ಕನ್ನು ಹಾಕಿಕೊಂಡರು. ಬೆಕ್ಕಾದ ಮೇಲೆ ಇಂಫಾಲಕ್ಕೆ ಹೋದರು, 1945ರಲ್ಲಿ ಬರ್ಮಾದ ಒಳಗೆ ಮೆಯ್ಕ್ಟಿಲಾವರೆಗೆ ನುಗ್ಗಿದರು. ಈಗಿನ 17 ಸಿಕ್ಕಿಮಿನಲ್ಲಿದೆ. 1967ರಲ್ಲಿ ನಾಥೂಲಾದಲ್ಲಿ ಚೀನೀಯರ ಎದುರು ನಿಂತವರು ಅವರೇ. ಅತ್ತಿಗೆ ಹೊಸ ಮದುಮಗಳಾಗಿದ್ದಾಗ ಗಂಡನ ಅಂಗಿಗೆ ಈ ಬೆಕ್ಕು ಹೊಲಿಯಲು ಒಪ್ಪಲೇ ಇಲ್ಲವಂತೆ. ಕರಿಬೆಕ್ಕು ಅಡ್ಡ ಬಂದರೇ ನಾವು ಎರಡು ನಿಮಿಷ ನಿಂತು ಹೋಗುವವರು, ತೋಳಿನಲ್ಲೇ ಕೂರಿಸಿಕೊಂಡು ಹೋದರೆ? ಕೊನೆಗೆ ಶುಕ್ರವಾರ ಬೇಡ ಎಂದು ಶನಿವಾರ ಹೊಲಿದುಕೊಟ್ಟರಂತೆ. ಶನಿವಾರ ಹೇಗೆ ಆಗ್ತದೆ ಎಂದು ನಾನು ಕೇಳಲು ಹೋಗಲಿಲ್ಲ.

ಗೋಡೆಯ ಮೇಲಿನ ಕೆಂಪು ಗಿಡುಗದ ಬಗ್ಗೆ ಸುಬೇದಾರರು ಹೇಳಿದ್ದು ಎಲ್ಲಕ್ಕಿಂತ ಕಡಿಮೆ. ಅದು 4ನೆಯದು, ಅವರದೇ. 1941ರಲ್ಲಿ ಆಫ್ರಿಕಾದ ಕೆರೆನ್, 1944ರಲ್ಲಿ ಇಟಲಿಯ ಮೊಂಟೆ ಕಸಿನೊ ಎಂದು ಲೋಕಪ್ರಸಿದ್ಧವಾದ ಹೆಸರು. ಅದೇ ಹೆಸರು 1962ರಲ್ಲಿ ಈಶಾನ್ಯ ಗಡಿಯ ಸೇಲಾದಲ್ಲಿ ನುಚ್ಚುನೂರಾಯಿತು. ಮೂರೇ ವರ್ಷದಲ್ಲಿ, 1965ರ ಸೆಪ್ಟೆಂಬರಿನಲ್ಲಿ, ಪಂಜಾಬಿನ ಅಸಲ್ ಉತ್ತರ್ ಎಂಬ ಹಳ್ಳಿಯ ಕಬ್ಬಿನ ಗದ್ದೆಗಳಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಸಾಲಾಗಿ ಕೆಡವಿದವರೂ ಇವರೇ. "ನಾನು ಸೇರುವಾಗ ಇದೆಲ್ಲ ಮುಗಿದಿತ್ತು ಟೀಚರ್. ಆದರೆ ಇದನ್ನು ಹಾಕಿಕೊಂಡ ದಿನದಿಂದ ಆ 62ರದ್ದು ನಮ್ಮ ಮೇಲೂ ಬಂತು, 65ರದ್ದೂ ಬಂತು" ಎಂದರು. ಯುದ್ಧ ಮುಗಿದ ಮೇಲೆ ವಿಸರ್ಜಿಸಿದ ಡಿವಿಜನ್‌ಗಳನ್ನು ಮುಂದೆ ಅದೇ ನಂಬರಿನಲ್ಲಿ ಮತ್ತೆ ಕಟ್ಟಿದಾಗ ಹಳೆಯ ಚಿತ್ರವನ್ನೇ ಕೊಟ್ಟರಂತೆ. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಹಾಗೆ.

ಚಿತ್ರ ಯಾಕೆ, ನಂಬರನ್ನೇ ಬರೆದರೆ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಟೀಚರಿನ ಪ್ರಶ್ನೆ. ನಂಬರು ಬರೆದರೆ ಶತ್ರುವಿಗೂ ಓದಲು ಬರುತ್ತದಲ್ಲ ಎಂದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ಪದ್ಧತಿ ಶುರು ಮಾಡಿದ್ದೇ ಅದಕ್ಕೆ. ಗಾಡಿಯ ಮೇಲೆ ಡಿವಿಜನ್ನಿನ ಹೆಸರು ಬರೆಯುವ ಬದಲು ಒಂದು ಚಿತ್ರ. ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಅದು ಬರೀ ಬೆಕ್ಕು. ನನಗೆ ಥಟ್ಟನೆ ಅಮ್ಮನ ನೆನಪಾಯಿತು. ಅಮ್ಮನಿಗೆ ಅಕ್ಷರ ಬಾರದು. ಕಡಬದಲ್ಲಿ ಬಸ್ಸಿಗೆ ಕಾಯುವಾಗ ಬೋರ್ಡು ಓದುವ ನಮಗಿಂತ ಮೊದಲೇ, ಬಣ್ಣ ನೋಡಿ ಇದು ಪುತ್ತೂರಿನದ್ದು, ಇದು ಸುಬ್ರಹ್ಮಣ್ಯದ್ದು ಎಂದು ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ.

ಮನೆಗೆ ಬಂದ ಮೇಲೆ ಮಗಳ ಮೊಬೈಲಿನಲ್ಲಿ ಇನ್ನಷ್ಟು ಹುಡುಕಿಸಿದೆ. ಅಮೆರಿಕದವರಿಗೆ ಈ ಹುಚ್ಚು 1918ರಲ್ಲಿ ಹಿಡಿದದ್ದು. ಅವರ 81ನೆಯ ಡಿವಿಜನ್ ತಮ್ಮ ಶಿಬಿರದ ಹತ್ತಿರದ ಕಾಡುಬೆಕ್ಕಿನ ಹೆಸರಿನ ತೊರೆಯೊಂದರಿಂದ ಕಾಡುಬೆಕ್ಕನ್ನು ತೋಳಿಗೇರಿಸಿಕೊಂಡು ಫ್ರಾನ್ಸಿಗೆ ಹೋಯಿತು. ಉಳಿದವರು ಇವರಿಗೆ ಯಾರು ಅಪ್ಪಣೆ ಕೊಟ್ಟರು ಎಂದು ತಕರಾರು ತೆಗೆದರು. ಕೊನೆಗೆ ಎಲ್ಲರಿಗೂ ಒಂದೊಂದು ಇರಲಿ ಎಂದು ಹುಕುಂ ಆಯಿತು. ಅವರ 45ನೆಯದಕ್ಕೆ ನಾವು ಹೊಸ್ತಿಲಲ್ಲಿ ಬರೆಯುವ ಸ್ವಸ್ತಿಕವೇ ಗುರುತಾಗಿತ್ತು, ಅಲ್ಲಿಯ ಮೂಲ ನಿವಾಸಿಗಳ ಮಂಗಳ ಚಿಹ್ನೆ ಅದು. ಹಿಟ್ಲರನು ಅದನ್ನು ಕೆಡಿಸಿದ ಮೇಲೆ ಬಿಚ್ಚಿ ಗರುಡನಂಥ ಒಂದು ಹಕ್ಕಿಯನ್ನು ಹಾಕಿಕೊಂಡರು. ನನಗೆ ಹೆಚ್ಚು ಸೇರಿದ್ದು ಅವರ ಒಂದನೆಯ ಕ್ಯಾವಲ್ರಿ ಡಿವಿಜನ್ನಿನ ಗುರುತು. ಹಳದಿ ಗುರಾಣಿಯಲ್ಲಿ ಕುದುರೆಯ ತಲೆ. ಅದನ್ನು ರೂಪಿಸಿದವರು ಡಾರ್ಸಿ ಎಂಬ ಕರ್ನಲರೂ ಅವರ ಹೆಂಡತಿಯೂ. ಗಂಡನ ಹಳೆಯ ನಿಲುವಂಗಿಯ ಒಳಗಿನ ಹಳದಿ ಅಸ್ತರು ಆ ಬಣ್ಣಕ್ಕೆ ಮೂಲವಂತೆ. ಹಳೆಯ ಬಟ್ಟೆಯನ್ನು ಎಸೆಯದೆ ತಿರುಗಿಸಿ ನೋಡುವವರು ಎಲ್ಲ ದೇಶದಲ್ಲೂ ನಾವೇ.

ಇನ್ನು ಕಾಟಿ.

1987ರ ಮೇ ತಿಂಗಳು. ಅಣ್ಣ ಮಿಲಿಟರಿ ಸೇರಿ ನಾಲ್ಕು ವರ್ಷ ಆಗಿತ್ತು, ಸಿಕಂದರಾಬಾದಿನಲ್ಲಿದ್ದ. ರಜೆಯಲ್ಲಿ ಬಂದಿದ್ದ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಎರಡು ಹೊಸ ಅಂಗಿ, ಮೂರು ಬಟ್ಟೆ ಚಿತ್ರ ತಂದು "ಇದನ್ನು ಹೊಲಿದುಕೊಡು" ಎಂದು ನನಗೇ ಕೊಟ್ಟ. ನಾನು ಆಗ ಬಿ.ಎ. ಮೊದಲ ವರ್ಷ. ಓದಲಿಕ್ಕುಂಟು ಎಂದು ಮೂತಿ ತಿರುಗಿಸಿ ಅಡ್ಡಾದಿಡ್ಡಿ ಹೊಲಿದೆ. ಅಮ್ಮ ನೋಡಿ, ಮಾತಾಡದೆ ಅಷ್ಟನ್ನೂ ಬಿಚ್ಚಿ, ದಾರಕ್ಕೆ ಮೇಣ ಸವರಿ ತಾನೇ ಕೂತಳು. "ಇದೆಂಥ, ಕಾಟಿಯಾ? ನಮ್ಮ ಬಾಳೆ ತಿಂದದ್ದು ಸಾಲದು ಅಂತ ಇದನ್ನು ಅಂಗಿಗೂ ಹೊಲಿಯಬೇಕಾ?" ಎಂದು ನಕ್ಕಳು. "ನಮ್ಮ ಡಿವಿಜನ್ನೇ ಕಾಟಿ ಅಮ್ಮ" ಎಂದ ಅಣ್ಣ. ಗೆರಟೆಯ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯಿಂದ ಅಮ್ಮ ಆ ತೋಳುಗಳನ್ನು ಒತ್ತಿಕೊಟ್ಟಳು. ಒಂದು ಕಾಟಿ ಉಳಿಯಿತು. ಸೂಜಿದಾರದ ಡಬ್ಬಿಗೆ ಹಾಕಿದಳು.

ಜುಲೈ 29ಕ್ಕೆ ರಾಜೀವ್ ಗಾಂಧಿ ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ಶಾಂತಿಪಾಲನಾ ಪಡೆ ಜಾಫ್ನಾದ ಹತ್ತಿರದ ಪಲಾಲಿಯಲ್ಲಿ ಇಳಿಯಿತು. ಅಕ್ಟೋಬರಿನಲ್ಲಿ ಶಾಂತಿ ಹೋಗಿ ಯುದ್ಧವೇ ಆಯಿತು. ದಾರಿಯಲ್ಲಿ, ಮನೆಬಾಗಿಲಲ್ಲಿ, ತೋಟದಲ್ಲಿ ಹೂತಿಟ್ಟ ಮೈನುಗಳು. 1990ರ ಮಾರ್ಚಿನಲ್ಲಿ ಹಿಂದೆ ಬರುವ ಹೊತ್ತಿಗೆ ನಮ್ಮವರು 1,100ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಇದನ್ನೆಲ್ಲ ನಾವು ಪತ್ರಿಕೆಯಲ್ಲಿ, ಬೇರೆಯವರ ಕಥೆಯೆಂಬಂತೆ ಓದುತ್ತಿದ್ದೆವು. ಅಣ್ಣನ ಕಾಗದ ಬರುತ್ತಲೇ ಇತ್ತು: ಇಲ್ಲಿ ಎಲ್ಲ ಕ್ಷೇಮ, ಸೆಕೆ ಜಾಸ್ತಿ. ವಿಳಾಸ ಮೊದಲಿನದೇ, 56 ಎ.ಪಿ.ಓ. ಸೈನಿಕ ಎಲ್ಲಿದ್ದರೂ ವಿಳಾಸ ಬದಲಾಗುವುದಿಲ್ಲ ಎಂಬುದು ನಮಗೇನು ಗೊತ್ತು? ಸಿಕಂದರಾಬಾದಿನಲ್ಲಿದ್ದಾನೆ ಎಂದೇ ನಾವು ತಿಳಿದದ್ದು, ಅವನೂ ಹಾಗೆಯೇ ತಿಳಿಯುವಂತೆ ಬರೆದದ್ದು.

ಡಿಸೆಂಬರಿನಲ್ಲಿ ಅಮ್ಮ ತೀರಿಹೋದಳು. ಬೆಳಗ್ಗೆ ಹಟ್ಟಿಯಿಂದ ಬಂದವಳು ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತಳು, ಜೀಪು ತರುವಷ್ಟರಲ್ಲಿ ಮುಗಿಯಿತು. ಅಣ್ಣನಿಗೆ ತಂತಿ ಕೊಟ್ಟರು. ಎರಡು ದಿನದಲ್ಲಿ ಬರಬೇಕಾದವನು ಬರಲಿಲ್ಲ. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ಬೊಜ್ಜ ಕಳೆದ ಮರುದಿನ ಅಣ್ಣ ಬಂದ. ಕಪ್ಪಾಗಿ, ಕೆನ್ನೆ ಒಳಗೆ ಹೋಗಿ, ಗುರುತು ಸಿಗದ ಹಾಗೆ ಇದ್ದ. ಆಗ ಗೊತ್ತಾಯಿತು ನಮಗೆ, ಅವನಿದ್ದದ್ದು ಜಾಫ್ನಾದಲ್ಲಿ ಎಂದು. ಊರವರು ಅಯ್ಯೋ ಎಂದರು. ನಾನು ಎನ್ನಲಿಲ್ಲ. "ಅಮ್ಮ ಸಾಯುವಾಗಲೂ ನೀನು ಸಿಕಂದರಾಬಾದಿನಲ್ಲಿ ಇದ್ದಿ ಅಂತ ಎಣಿಸಿಯೇ ಸತ್ತದ್ದು. ಸುಳ್ಳು ಹೇಳಿದಿ ನೀನು" ಎಂದೆ. ಅವನು ಉತ್ತರ ಕೊಡಲಿಲ್ಲ. ಹದಿನೆಂಟು ವರ್ಷದ ಹುಡುಗಿಯ ಮಾತು ಅದು, ಮರೆತುಬಿಡಬಹುದಿತ್ತು. ನಾನೂ ಮರೆಯಲಿಲ್ಲ, ಅವನೂ ಮರೆಯಲಿಲ್ಲ. ನನ್ನ ಮದುವೆಯಲ್ಲಿ ಧಾರೆ ಎರೆದವನು ಅವನೇ, ನನ್ನ ಬಾಣಂತನಕ್ಕೆ ಅತ್ತಿಗೆಯನ್ನು ಕಳಿಸಿದವನು ಅವನೇ. ಆದರೂ ಮೂವತ್ತೈದು ವರ್ಷ ನಮ್ಮ ನಡುವೆ ಬೇಕಾದಷ್ಟೇ ಮಾತು.

ಸುಬೇದಾರರು ಕಾಟಿಯನ್ನು ಕೊನೆಗೆ ಎತ್ತಿಕೊಂಡರು. "54. ಸಿಕಂದರಾಬಾದು. ಲಂಕೆಯಲ್ಲಿ ಮೊದಲು ಇಳಿದವರು" ಎಂದರು. ಆಮೇಲೆ ಮಡಿಕೆ ಬಿದ್ದ ಇನ್ನೊಂದನ್ನು ನೋಡಿ ಸುಮ್ಮನಾದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದನ್ನು ನಾನು ಮೊದಲು ನೋಡಿದ್ದೇನೆ ಟೀಚರ್. ನಿಮ್ಮ ಅಮ್ಮನ ಕೈಯಲ್ಲಿ."

1987ರ ಅಕ್ಟೋಬರಿನಲ್ಲಿ ಅವರು ರಜೆಯಲ್ಲಿ ಊರಿಗೆ ಬಂದಿದ್ದರಂತೆ. ಒಂದು ಸಂಜೆ ಅಮ್ಮ ಗುಡ್ಡ ಹತ್ತಿ ಇಳಿದು, ಒಬ್ಬಳೇ, ಅವರ ಮನೆಗೆ ಹೋಗಿದ್ದಳಂತೆ. ಮಜ್ಜಿಗೆಗೆ ಹೆಪ್ಪು ಬೇಕಿತ್ತು ಎಂದಳಂತೆ. ಎಲ್ಲರೂ ಒಳಗೆ ಹೋದ ಮೇಲೆ ಸೆರಗಿನ ಗಂಟು ಬಿಚ್ಚಿ ಈ ಬಟ್ಟೆ ತುಂಡು ತೆಗೆದು ಕೇಳಿದಳಂತೆ: "ಈ ಕಾಟಿ ಈಗ ಎಲ್ಲಿ ಉಂಟು ಮಗಾ?"

"ಹೇಳಬಾರದಿತ್ತು ನಾನು. ಆದರೆ ಆ ಹೆಂಗಸಿನ ಮುಖ ನೋಡಿ ಸುಳ್ಳು ಹೇಳಲಿಕ್ಕೆ ಬಾಯಿ ಬರಲಿಲ್ಲ. ಲಂಕೆಗೆ ಹೋಗಿದೆ ಅಂದೆ. ತಂಬಿಗಳ ಕೆಲಸ ಎಂಥದು ಅಂತ ಕೇಳಿದರು. ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಕೂತು, 'ಅವನು ಹೇಳದೆ ಇದ್ದದ್ದು ನನಗೆ ಹೆದರಿಕೆ ಆದೀತು ಅಂತ. ನನಗೆ ಗೊತ್ತುಂಟು ಅಂತ ಅವನಿಗೆ ಗೊತ್ತಾದರೆ ಅಲ್ಲಿ ಅವನಿಗೆ ಹೆದರಿಕೆ. ಮಗಳಿಗೂ ಹೇಳಬೇಡ, ಅವಳಿಗೆ ಪರೀಕ್ಷೆ ಉಂಟು' ಅಂದರು. ಹೆಪ್ಪು ತೆಗೆದುಕೊಳ್ಳದೆಯೇ ಹೋದರು."

ನಾನು ಚಹಾದ ಲೋಟ ಹಿಡಿದುಕೊಂಡು ಎಷ್ಟು ಹೊತ್ತು ಕೂತೆನೋ. ಆ ಎರಡು ತಿಂಗಳು ಒಂದೊಂದಾಗಿ ತಿರುಗಿ ಬಂದವು. ವಾರ್ತೆ ಎಂದರೆ ಎದ್ದು ಹೋಗುತ್ತಿದ್ದ ಅಮ್ಮ ಆ ಅಕ್ಟೋಬರಿನಿಂದ ಬೆಳಿಗ್ಗೆ ಒಲೆ ಉರಿ ಕಡಿಮೆ ಮಾಡಿ ರೇಡಿಯೋದ ಹತ್ತಿರ ನಿಲ್ಲುತ್ತಿದ್ದಳು. ಸೆಲ್ಲು ಮುಗಿಯುತ್ತದೆ, ನಿನಗೆ ಅರ್ಥವೂ ಆಗುವುದಿಲ್ಲ, ಸುಮ್ಮನೆ ಯಾಕೆ ಹಾಕುತ್ತಿ ಎಂದು ನಾನು ಗದರಿಸಿದ್ದೆ. ಇನ್ನೊಂದು, ಕಾಗದದ ವಿಷಯ. ಅಮ್ಮ ಹೇಳಿದಂತೆ ಬರೆಯುತ್ತಿದ್ದವಳು ನಾನು. ದನ ಕರು ಹಾಕಿತು, ಅಡಿಕೆಗೆ ಕೊಳೆರೋಗ, ನೀರು ಕುದಿಸಿ ಕುಡಿ. ಆ ನವೆಂಬರಿನ ಕಾಗದದಲ್ಲಿ ಕೊನೆಗೆ "ಕತ್ತಲೆಯಲ್ಲಿ ತೋಟಕ್ಕೆ ಹೋಗುವ ಹಾಗೆ ಹೆಜ್ಜೆ ನೋಡಿ ನೋಡಿ ಇಡು ಅಂತ ಬರೆ" ಎಂದಳು. ಸಿಕಂದರಾಬಾದಿನ ಡಾಮರು ರಸ್ತೆಯಲ್ಲಿ ಎಂಥ ಹೆಜ್ಜೆ ನೋಡುವುದು ಎಂದು ನಾನು ನಕ್ಕಿದ್ದೆ. ನಕ್ಕರೂ ಬರೆದಿದ್ದೆ.

ಅಮ್ಮನಿಗೆ ಗೊತ್ತಿತ್ತು. ಅಕ್ಷರ ಬಾರದವಳು ಬಸ್ಸಿನ ಬಣ್ಣ ಓದಿದ ಹಾಗೆಯೇ ಇದನ್ನೂ ಓದಿಕೊಂಡಿದ್ದಳು. ಬಿ.ಎ.ಗೆ ಇತಿಹಾಸ ತೆಗೆದುಕೊಂಡ ನಾನು, ಅದೇ ಚಿತ್ರಕ್ಕೆ ಅಡ್ಡಾದಿಡ್ಡಿ ಸೂಜಿ ಹಾಕಿದವಳು, ಅದನ್ನು ಬರೀ ಕಾಟಿ ಎಂದುಕೊಂಡಿದ್ದೆ. ಮಗ ಅಮ್ಮನಿಂದ ಮುಚ್ಚಿಟ್ಟ, ಅಮ್ಮ ಮಗನಿಂದ ಮುಚ್ಚಿಟ್ಟಳು. ನಿಜಕ್ಕೂ ಮೋಸಹೋದವಳು ನಾನೊಬ್ಬಳೇ, ಸಿಟ್ಟು ಹೊತ್ತುಕೊಂಡು ತಿರುಗಿದವಳೂ ನಾನೊಬ್ಬಳೇ.

ಅಣ್ಣನ ಮನೆಗೆ ಬರುವಾಗ ಬಿಸಿಲು ಇಳಿದಿತ್ತು. ಅವನು ಇನ್ನೂ ಅಡಿಕೆಯ ರಾಶಿಯ ಮುಂದೆಯೇ ಇದ್ದ. ಪಕ್ಕದಲ್ಲಿ ಕೂತು, ಒಂದು ಮೆಟ್ಟುಕತ್ತಿ ಎಳೆದುಕೊಂಡು ನಾನೂ ಸುಲಿಯಲು ಶುರು ಮಾಡಿದೆ. ನಡುನಡುವೆ, ಬಿಟ್ಟು ಬಿಟ್ಟು, ಸುಬೇದಾರರು ಹೇಳಿದ್ದನ್ನೆಲ್ಲ ಹೇಳಿದೆ. ಹೆಜ್ಜೆಯ ಮಾತಿಗೆ ಬಂದಾಗ ಅವನ ಕೈ ನಿಂತಿತು.

"ಅದು ನೀನು ಬರೆದದ್ದು ಅಂತ ಎಣಿಸಿದ್ದೆ" ಎಂದ. "ನಿನಗೆ ಹೇಗೋ ಗೊತ್ತಾಗಿದೆ, ಅಮ್ಮನಿಗೆ ಹೇಳದೆ ಇದ್ದಿ ಅಂತ. ಮತ್ತೆ ಬಂದಾಗ ನೀನು ಹಾಗೆ ಹೇಳಿದಿಯಲ್ಲ... ನನಗೆ ತಲೆಬುಡ ಆಗಲಿಲ್ಲ."

ಅಮ್ಮನ ಸೂಜಿದಾರದ ಡಬ್ಬಿಯಲ್ಲಿದ್ದ ಕಾಟಿಯನ್ನು ಆ ಸಲ ಹಿಂದೆ ಹೋಗುವಾಗ ತೆಗೆದುಕೊಂಡು ಹೋದದ್ದಂತೆ. ಅದು ಯಾಕೆ ಹಾಗೆ ಮಡಚಿಕೊಂಡಿತ್ತು ಎಂದು ಅವನೂ ಯೋಚಿಸಿರಲಿಲ್ಲ.

ಒಳಗಿನಿಂದ ಅತ್ತಿಗೆ ದೀಪ ಹಾಕಿದರು. ತುಂಬ ಹೊತ್ತು ಬಿಟ್ಟು ಅಣ್ಣ ಕೇಳಿದ, "ಆ ರೇಡಿಯೋ ಈಗ ಎಲ್ಲಿ ಉಂಟು?"

"ಗುಜರಿಗೆ ಹೋಯಿತು. ಮನೆ ಮಾಡು ತೆಗೆದ ವರ್ಷ" ಎಂದೆ.

"ಹ್ಞೂಂ" ಎಂದ. ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿ, ಸಿಪ್ಪೆ ಗುಡಿಸಲಿಕ್ಕೆ ಎದ್ದ.